ಒಂದು ಲಾಗದ ದೂರ

ನಾಲ್ಕಡಿ ಎತ್ತರವೂ ಇಲ್ಲದ ಬಡಕಲು ಕೋತಿಯೊಂದು ಹನ್ನೆರಡು ಅಡಿಯ ಬೀಸಣಿಗೆಯನ್ನು ಹೆಗಲ ಮೇಲೆ ಹೊತ್ತು ನಡೆದು ಬರುತ್ತಿದೆ. ಬೀಸಣಿಗೆಯ ಒಡತಿ ಅದನ್ನು ಏಪ್ರಿಕಾಟ್ ಎಲೆಯಷ್ಟು ಚಿಕ್ಕದು ಮಾಡಿ ಬಾಯೊಳಗೆ ಇಟ್ಟುಕೊಂಡಿದ್ದಳು. ಕೋತಿ ಅವಳ ಗಂಡ ಗೂಳಿರಾಕ್ಷಸನ ರೂಪ ತಾಳಿ ಮನೆಗೆ ಹೋಗಿ, ಎದುರು ಕೂತು ಮದ್ಯ ಕುಡಿದು, ಸರಸದ ಮಾತಾಡಿ ಬೀಸಣಿಗೆಯನ್ನು ಕೈಗೆ ಮಾಡಿಕೊಂಡ. ಅದು ದೊಡ್ಡದಾಗುವ ಮಂತ್ರವನ್ನೂ ಅವಳ ಬಾಯಿಂದಲೇ ಹೊರಡಿಸಿದ. ಚಿಕ್ಕದಾಗುವ ಮಂತ್ರ ಕೇಳುವುದನ್ನು ಮರೆತ. ದಾರಿಯಲ್ಲಿ ಒಮ್ಮೆ ಪರೀಕ್ಷಿಸಿ ನೋಡೋಣವೆಂದು ದೊಡ್ಡದು ಮಾಡಿದ್ದೇ ತಪ್ಪಾಯಿತು; ಇನ್ನು ಹೊರದೆ ವಿಧಿಯಿಲ್ಲ. ಅಷ್ಟರಲ್ಲಿ ಎದುರಿಗೆ ತನ್ನದೇ ತಂಡದ ಹಂದಿಮೂತಿಯ ಸಂಗಾತಿ ಝು ಬಾಜಿಯೆ ಬರುತ್ತಾನೆ, ದಣಿದಿದ್ದೀಯ, ಇತ್ತ ಕೊಡು, ನಾನು ಹೊರುತ್ತೇನೆ ಎನ್ನುತ್ತಾನೆ. ಕೋತಿ ಕೊಟ್ಟೇಬಿಡುತ್ತಾನೆ. ಬಂದವನು ಬಾಜಿಯೆಯಲ್ಲ, ಅವನ ವೇಷ ಹಾಕಿ ಬಂದ ಆ ಗೂಳಿರಾಕ್ಷಸ.

ಹೀಗೆ ಏಮಾರಿದವನು ಸುನ್ ವುಕೋಂಗ್. ಎಪ್ಪತ್ತೆರಡು ಬಗೆಯ ರೂಪಾಂತರ ಬಲ್ಲವನು, ಯಾವ ವೇಷದ ಹಿಂದೆ ಯಾವ ಪಿಶಾಚಿ ಇದೆಯೆಂದು ಕಣ್ಣಿನಿಂದಲೇ ಹೇಳಬಲ್ಲವನು, ಒಂದು ಲಕ್ಷ ದೇವಸೈನಿಕರನ್ನು ಒಬ್ಬನೇ ತಡೆದು ನಿಲ್ಲಿಸಿದವನು. ಚೀನಾದಲ್ಲಿ ಮಕ್ಕಳಿಂದ ಮುದುಕರವರೆಗೆ ಈತನನ್ನು ಅರಿಯದವರಿಲ್ಲ. ಈತನ ಶಕ್ತಿಗಳ ಪಟ್ಟಿ ಮಾಡುವುದು ಅಲ್ಲಿ ಹಳೆಯ ಚಟ. ವಿಡಿಯೋ ಗೇಮ್ ಬಂದ ಮೇಲೆ ಜಗತ್ತಿಗೇ ಅಂಟಿದ ಚಟ. ಆ ಪಟ್ಟಿಗಳಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವುದು ಈ ಬೀಸಣಿಗೆಯ ಪ್ರಸಂಗದಂಥವು. ನನಗೆ ಕಂಡಂತೆ ಅವನ ಒಂದೊಂದು ಶಕ್ತಿಗೂ ಕಥೆಗಾರ ಒಂದೊಂದು ಬಿರುಕು ಇಟ್ಟಿದ್ದಾನೆ, ಮತ್ತು ಕಥೆಯ ಜೀವ ಇರುವುದು ಆ ಬಿರುಕಿನಲ್ಲಿ.

ಕಥೆ ನಮಗೆ ಸಿಕ್ಕಿರುವುದು ‘ಷೀ ಯೊ ಜಿ’, ಅಂದರೆ ‘ಪಶ್ಚಿಮ ಯಾತ್ರೆ’ ಎಂಬ ನೂರು ಅಧ್ಯಾಯಗಳ ಕಾದಂಬರಿಯಲ್ಲಿ. ಇದರ ಅತಿ ಹಳೆಯ ಪೂರ್ಣ ಮುದ್ರಣ 1592ರದು, ನಾನ್‌ಜಿಂಗ್‌ನದು. ಅದರಲ್ಲಿ ಲೇಖಕನ ಹೆಸರಿಲ್ಲ. ಹ್ವಾಯ್‌ಆನ್‌ನ ಕವಿ ವು ಚೆಂಗ್‌ಎನ್ ಬರೆದನೆಂದು 1920ರ ದಶಕದಲ್ಲಿ ಹು ಷಿ, ಲು ಷುನ್ ಮೊದಲಾದ ವಿದ್ವಾಂಸರು ವಾದಿಸಿದ ಮೇಲೆ ಆ ಹೆಸರೇ ನಿಂತಿದೆ. ಒಪ್ಪದವರು ಈಗಲೂ ಇದ್ದಾರೆ. ಕಥೆಯ ನೆವ ನಿಜವಾದದ್ದು: ಏಳನೆಯ ಶತಮಾನದಲ್ಲಿ ಬೌದ್ಧ ಗ್ರಂಥಗಳಿಗಾಗಿ ಭಾರತಕ್ಕೆ ಬಂದು, 645ರಲ್ಲಿ 657 ಗ್ರಂಥಗಳೊಂದಿಗೆ ರಾಜಧಾನಿಗೆ ಮರಳಿದ ಭಿಕ್ಷು ಹ್ಯುಯೆನ್ ತ್ಸಾಂಗ್. ನಾವು ಶಾಲೆಯಲ್ಲಿ ಓದಿದ ಅದೇ ಹ್ಯುಯೆನ್ ತ್ಸಾಂಗ್, ಇಮ್ಮಡಿ ಪುಲಕೇಶಿಯ ನಾಡಿಗೆ ಬಂದು ಯುದ್ಧಕ್ಕೆ ಮುಂಚೆ ಆನೆಗಳಿಗೆ ಮದ್ಯ ಕುಡಿಸುವುದನ್ನು ಬರೆದಿಟ್ಟವನು. ನಿಜವಾದ ಭಿಕ್ಷು ಮರುಭೂಮಿಯನ್ನು ಬಹುಪಾಲು ಒಬ್ಬಂಟಿಯಾಗಿ ದಾಟಿದ ಗಟ್ಟಿಗ. ಕಾದಂಬರಿಯ ಭಿಕ್ಷು ಮಾತೆತ್ತಿದರೆ ಅಳುವವನು, ಕುದುರೆಯಿಂದ ಉರುಳುವವನು. ಇವನ ಗಟ್ಟಿತನವನ್ನೆಲ್ಲ ಕಿತ್ತು ಕೋತಿಗೆ ಕೊಟ್ಟಂತಿದೆ.

ಕೋತಿ ಹುಟ್ಟಿದ್ದು ಹೂಹಣ್ಣಿನ ಬೆಟ್ಟದ ತುದಿಯ ಒಂದು ಬಂಡೆಯಿಂದ. ಬಂಡೆಯ ಎತ್ತರ ಮೂವತ್ತಾರೂವರೆ ಅಡಿ, ಸುತ್ತಳತೆ ಇಪ್ಪತ್ತನಾಲ್ಕು ಅಡಿ. ಮೊದಲನೆಯದು ಆಕಾಶವೃತ್ತದ 365 ಅಂಶಗಳಿಗೆ, ಎರಡನೆಯದು ಪಂಚಾಂಗದ 24 ಪಕ್ಷಗಳಿಗೆ ಸರಿಹೊಂದುತ್ತದೆಂದು ಕಥೆಯೇ ಹೇಳಿಕೊಳ್ಳುತ್ತದೆ. ಈ ಪುಸ್ತಕದಲ್ಲಿ ಸಂಖ್ಯೆಗಳು ಸುಮ್ಮನೆ ಬರುವುದಿಲ್ಲ. ಜಲಪಾತದ ಹಿಂದೆ ಜಿಗಿದು ಗುಹೆ ಕಂಡುಹಿಡಿದದ್ದಕ್ಕೆ ಕೋತಿಗಳ ರಾಜನಾದ. ಮುನ್ನೂರು ನಾನೂರು ವರ್ಷ ಸುಖವಾಗಿದ್ದ ಮೇಲೆ ಒಂದು ದಿನ ಔತಣದ ನಡುವೆ ಸಾವಿನ ನೆನಪಾಗಿ ಅತ್ತ. ಗುರುವನ್ನು ಹುಡುಕಿ ತೆಪ್ಪ ಕಟ್ಟಿ ಹೊರಟ.

ಸಿಕ್ಕಿದ ಗುರುವಿನ ಹೆಸರು ಸುಭೂತಿ. ಬುದ್ಧನ ಶಿಷ್ಯರಲ್ಲಿ ಶೂನ್ಯತತ್ತ್ವ ಬಲ್ಲವರಲ್ಲಿ ಅಗ್ರಗಣ್ಯನೆನಿಸಿದವನ ಹೆಸರು ಅದು; ಆದರೆ ಈ ಗುರು ಕಲಿಸುವುದು ದಾವೋ ಪಂಥದ ಸಾಧನೆ. ಅವನ ಗುಹೆಯ ಹೆಸರು ‘ಓರೆ ಚಂದ್ರ, ಮೂರು ನಕ್ಷತ್ರ’. ಚೀನೀ ಲಿಪಿಯಲ್ಲಿ ‘ಮನಸ್ಸು’ ಎಂಬ ಅಕ್ಷರ ಬರೆಯುವುದು ಹಾಗೆಯೇ, ಒಂದು ಬಾಗಿದ ಗೆರೆ, ಮೂರು ಚುಕ್ಕಿ. ಅಂದರೆ ಗುರು ಇರುವುದು ಎಲ್ಲಿ ಎಂಬುದು ಒಗಟು ಬಿಡಿಸಬಲ್ಲ ಓದುಗನಿಗೆ ಬಾಗಿಲಲ್ಲೇ ಗೊತ್ತಾಗುತ್ತದೆ. ಏಳು ವರ್ಷ ಕಸ ಗುಡಿಸಿ ಸೌದೆ ತಂದ ಶಿಷ್ಯನ ತಲೆಗೆ ಗುರು ಒಂದು ದಿನ ಮೂರು ಸಲ ಕುಟ್ಟಿ, ಕೈಗಳನ್ನು ಬೆನ್ನಿಗೆ ಕಟ್ಟಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಉಳಿದವರಿಗೆ ಅದು ಸಿಟ್ಟಾಗಿ ಕಂಡಿತು. ರಾತ್ರಿಯ ಮೂರನೆಯ ಜಾವದಲ್ಲಿ ಹಿತ್ತಲ ಬಾಗಿಲಿಂದ ಬಾ ಎಂಬ ಸೂಚನೆ ಅದೆಂದು ಕೋತಿಗೆ ಮಾತ್ರ ಹೊಳೆಯಿತು. ಅವನ ಮೊದಲ ಶಕ್ತಿ ಇದೇ, ಸನ್ನೆ ಓದುವುದು. ಇದಕ್ಕೆ ಮಂತ್ರ ಬೇಕಿರಲಿಲ್ಲ.

ಎಪ್ಪತ್ತೆರಡು ರೂಪಾಂತರವೆಂದರೆ ಎಪ್ಪತ್ತೆರಡು ವೇಷಗಳೆಂದು ತಿಳಿಯುವವರು ಬಹಳ. ಕಾದಂಬರಿ ಎಲ್ಲಿಯೂ ಅವುಗಳ ಪಟ್ಟಿ ಕೊಡುವುದಿಲ್ಲ. ಅಮರತ್ವದ ಸಾಧನೆ ಮಾಡಿದವನಿಗೆ ಐನೂರು ವರ್ಷಕ್ಕೊಮ್ಮೆ ಸಿಡಿಲು, ಒಳಬೆಂಕಿ, ಒಳಗಾಳಿ ಎಂಬ ಮೂರು ಆಪತ್ತು ಒಂದರ ಹಿಂದೊಂದು ಬರುತ್ತವೆ, ಅವುಗಳ ಕಣ್ಣಿಗೆ ಬೀಳದಂತೆ ರೂಪ ಬದಲಿಸಿಕೊಳ್ಳಬೇಕು ಎನ್ನುತ್ತಾನೆ ಗುರು. ವಿದ್ಯೆ ಎರಡು ಬಗೆ: ಆಕಾಶದ ನಕ್ಷತ್ರಗಳ ಲೆಕ್ಕದ ಮೂವತ್ತಾರು, ಭೂಮಿಯ ನಕ್ಷತ್ರಗಳ ಲೆಕ್ಕದ ಎಪ್ಪತ್ತೆರಡು. ಹೆಚ್ಚಿರುವುದೇ ಇರಲಿ ಎಂದು ಕೋತಿ ಎಪ್ಪತ್ತೆರಡನ್ನು ಆರಿಸಿಕೊಂಡ. ಎಂದರೆ ಇದು ಮೂಲದಲ್ಲಿ ತಲೆತಪ್ಪಿಸಿಕೊಳ್ಳುವ ವಿದ್ಯೆ, ಬಹುರೂಪಿಯ ಆಟವಲ್ಲ. ಆಟವಾಗಿ ಬಳಸಿದ ಮೊದಲ ದಿನವೇ, ಸಹಪಾಠಿಗಳ ಮುಂದೆ ಪೈನ್ ಮರವಾಗಿ ನಿಂತದ್ದಕ್ಕೆ, ಗುರು ಅವನನ್ನು ಹೊರಗಟ್ಟಿದ. ನನ್ನ ಹೆಸರನ್ನು ಎಲ್ಲಿಯೂ ಎತ್ತಬೇಡ ಎಂದೂ ತಾಕೀತು ಮಾಡಿದ. ಮೂವತ್ತಾರನ್ನು ಕಲಿತವನು ಬಾಜಿಯೆ. ಅವನಿಗೆ ಬೆಟ್ಟ, ಮರ, ಎಮ್ಮೆ, ಆನೆ ಸಲೀಸು. ಒಮ್ಮೆ ಪುಟ್ಟ ಹುಡುಗಿಯಾಗಬೇಕಾಗಿ ಬಂದಾಗ ಮುಖವೇನೋ ಹುಡುಗಿಯದಾಯಿತು, ಹೊಟ್ಟೆ ಮಾತ್ರ ಹಂದಿಯದಾಗಿಯೇ ಉಳಿಯಿತು. ಕೋತಿಯೇ ಉಸಿರೂದಿ ಸರಿಮಾಡಬೇಕಾಯಿತು.

ಕೋತಿಯ ಕಷ್ಟ ಬಾಲದ್ದು. ಅವನು ಏನಾದರೂ ಆಗಲಿ, ಬಾಲಕ್ಕೊಂದು ಜಾಗ ಹುಡುಕಬೇಕು. ದೇವಲೋಕದ ಬೇಟೆಗಾರ ಎರ್ಲಾಂಗ್ ಬೆನ್ನಟ್ಟಿದ ಪ್ರಸಂಗ ಇಡೀ ಪುಸ್ತಕದಲ್ಲಿ ನನಗೆ ಅಚ್ಚುಮೆಚ್ಚಿನದು. ಕೋತಿ ಗುಬ್ಬಿಯಾದರೆ ಎರ್ಲಾಂಗ್ ಗಿಡುಗ. ಕೋತಿ ನೀರುಕಾಗೆ, ಅವನು ದೊಡ್ಡ ಕೊಕ್ಕರೆ. ಕೋತಿ ಮೀನಾಗಿ ತೊರೆಗೆ ಇಳಿದರೆ ಅವನು ಮೀನು ಹಿಡಿಯುವ ಹಕ್ಕಿ. ಬಾಲದಲ್ಲಿ ಕೆಂಪಿಲ್ಲ, ಕಿವಿರಲ್ಲಿ ಮುಳ್ಳಿಲ್ಲ, ಇದೆಂಥ ಮೀನು ಎಂದು ಅವನಿಗೆ ಅನುಮಾನ. ಕೋತಿ ನೀರುಹಾವು, ಅವನು ಬೂದು ಬಣ್ಣದ ಉದ್ದಕೊಕ್ಕಿನ ಬೇಟೆಗಾರ. ಕಡೆಗೆ ಕೋತಿ ಎರೆಭೂತದ ಜಾತಿಯ ಹಕ್ಕಿಯೊಂದರ ರೂಪ ತಾಳಿದ. ಅದು ಯಾವ ಹಕ್ಕಿಯ ಜೊತೆಗಾದರೂ ಕೂಡುವ ನೀಚ ಜಾತಿಯೆಂದು ಚೀನೀಯರ ನಂಬಿಕೆ. ಅದಕ್ಕೆ ಸಮನಾಗಿ ಇಳಿಯಲು ಎರ್ಲಾಂಗ್‌ಗೆ ಮನಸ್ಸಾಗದೆ ತನ್ನ ರೂಪಕ್ಕೆ ಮರಳಿ ಗುಂಡುಬಿಲ್ಲಿನಿಂದ ಹೊಡೆದ. ಉರುಳಿ ಬಿದ್ದ ಕೋತಿ ಇಳಿಜಾರಿನಲ್ಲಿ ಒಂದು ಪುಟ್ಟ ಗುಡಿಯಾದ. ತೆರೆದ ಬಾಯಿ ಬಾಗಿಲು, ಹಲ್ಲುಗಳು ಬಾಗಿಲ ಹಲಗೆ, ನಾಲಿಗೆ ಒಳಗಿನ ವಿಗ್ರಹ, ಕಣ್ಣುಗಳು ಕಿಟಕಿ. ಬಾಲ? ಬಾಲವನ್ನು ಗುಡಿಯ ಹಿಂದೆ ನಿಲ್ಲಿಸಿ ಧ್ವಜಕಂಬ ಮಾಡಿದ. ಎರ್ಲಾಂಗ್ ಬಂದು ನೋಡಿ ನಕ್ಕ. ಗುಡಿಯ ಹಿಂದೆ ಧ್ವಜಕಂಬ ನೆಟ್ಟವರನ್ನು ಯಾರು ಕಂಡಿದ್ದಾರೆ? ಮೊದಲು ಕಿಟಕಿಗೆ ಗುದ್ದುತ್ತೇನೆ, ಆಮೇಲೆ ಬಾಗಿಲಿಗೆ ಒದೆಯುತ್ತೇನೆ ಎಂದ. ಕಣ್ಣು, ಹಲ್ಲು ಎರಡೂ ಹೋಗುತ್ತವೆಂದು ಗುಡಿ ಎದ್ದು ಹಾರಿತು. ಮುಂದೊಮ್ಮೆ ರಾಕ್ಷಸರ ಮುದಿತಾಯಿಯ ವೇಷದಲ್ಲಿ ಬಾಗಿದಾಗಲೂ ಹಿಂದೆ ಬಾಲ ನಿಮಿರಿತು. ಮೇಲೆ ತೊಲೆಗೆ ಕಟ್ಟಿ ನೇತುಹಾಕಿದ್ದ ಬಾಜಿಯೆ ಅದನ್ನು ಕಂಡು ಪ್ರಾಣಾಪಾಯ ಮರೆತು ನಕ್ಕ.

ಕೋಲಿನ ವಿಷಯಕ್ಕೆ ಬರೋಣ. ಪೂರ್ವ ಸಮುದ್ರದ ನಾಗರಾಜನ ಉಗ್ರಾಣದಿಂದ ಎತ್ತಿಕೊಂಡದ್ದು, ಹಿಂದೆ ಪ್ರವಾಹಗಳನ್ನು ಪಳಗಿಸಿದ ಮಹಾರಾಜ ಯೂ ನೀರಿನ ಆಳ ಅಳೆಯಲು ಬಳಸಿದ ಕಬ್ಬಿಣ. ಬೇಡವಾದಾಗ ಸೂಜಿಯಾಗಿ ಕಿವಿಯೊಳಗೆ ಕೂರುತ್ತದೆ. ತೂಕ 13,500 ಜಿನ್, ನಮ್ಮ ಲೆಕ್ಕದಲ್ಲಿ ಸುಮಾರು ಎಂಟು ಟನ್. ಚೀನಾದ ಹಳೆಯ ವೈದ್ಯಗ್ರಂಥಗಳ ಪ್ರಕಾರ ಮನುಷ್ಯ ಒಂದು ಹಗಲು ರಾತ್ರಿಯಲ್ಲಿ ಎಳೆದು ಬಿಡುವ ಉಸಿರುಗಳ ಸಂಖ್ಯೆಯೂ 13,500. ಹಾಗಾಗಿ ಕೋಲು ಉಸಿರಿನ ಪ್ರತಿಮೆಯೆಂದು ಸಾಧಕರು ಹೇಳಿಕೊಂಡು ಬಂದಿದ್ದಾರೆ. ಯಮಲೋಕದ ದಫ್ತರದಲ್ಲಿ ಕೋತಿಯ ಹೆಸರು ಇದ್ದ ಕ್ರಮಸಂಖ್ಯೆ 1350, ಆಯುಷ್ಯ 342. ಲೇಖನಿ ತರಿಸಿ ಹೆಸರಿಗೆ ಅಡ್ಡಗೆರೆ ಎಳೆದ, ಜೊತೆಗೆ ತನಗೆ ಗೊತ್ತಿದ್ದ ಕೋತಿಗಳ ಹೆಸರನ್ನೆಲ್ಲ ಹೊಡೆದುಹಾಕಿದ.

ಅಮರತ್ವದ ಬಗ್ಗೆ ಈ ಕೋತಿಗೆ ಸಮಾಧಾನವೇ ಇಲ್ಲ. ಗುರುವಿನಿಂದ ಕಲಿತದ್ದು ಒಂದು, ದಫ್ತರದಲ್ಲಿ ಹೊಡೆದುಹಾಕಿದ್ದು ಎರಡು. ದೇವಲೋಕದ ಪೀಚ್ ತೋಟದ ಕಾವಲಿಗೆ ಹಾಕಿದರೆ, 3,600 ಮರಗಳಲ್ಲಿ ಒಂಬತ್ತು ಸಾವಿರ ವರ್ಷಕ್ಕೊಮ್ಮೆ ಮಾಗುವ ಹಿಂದಿನ ಸಾಲಿನವನ್ನೇ ಹುಡುಕಿ ತಿಂದ, ಅದು ಮೂರು. ಔತಣದ ಮದ್ಯ ನಾಲ್ಕು. ದಾವೋ ಪಂಥದ ಆದಿಗುರು ಲಾವೋತ್ಸೆಯ ಮನೆಗೆ ನುಗ್ಗಿ ಸಿದ್ಧಗುಳಿಗೆಗಳನ್ನು ಹುರಿಗಾಳು ಮುಕ್ಕಿದಂತೆ ಮುಕ್ಕಿದ್ದು ಐದು. ಇಷ್ಟಾದ ಮೇಲೆ ಕೊಡಲಿಗೂ ಸಿಡಿಲಿಗೂ ಅವನ ಮೈ ಬಗ್ಗಲಿಲ್ಲ. ‘ಶೂನ್ಯಸಂಪಾದನೆ’ಯ ಗೋರಕ್ಷ ನೆನಪಾಗುತ್ತಾನೆ: ಕತ್ತಿ ತಾಗಿದರೆ ಖಣಿಲೆನ್ನುವ ವಜ್ರದೇಹ ಅವನದು, ಕತ್ತಿಗೆ ಸಿಗದೆ ಬಯಲಾದದ್ದು ಅಲ್ಲಮನದು. ವುಕೋಂಗ್ ಎಂಬ ಹೆಸರಿನ ಅರ್ಥ ‘ಶೂನ್ಯವನ್ನು ಅರಿತವನು’. ಹೆಸರು ಅಲ್ಲಮನ ದಾರಿಯದು, ಮೈ ಗೋರಕ್ಷನದು.

ಮೈಯನ್ನು ಕತ್ತರಿಸಲಾಗದೆ ಲಾವೋತ್ಸೆ ಅವನನ್ನು ಅಷ್ಟದಿಕ್ಕಿನ ಕುಲುಮೆಗೆ ಹಾಕಿ 49 ದಿನ ಬೇಯಿಸಿದ. ಕೋತಿ ಗಾಳಿಯ ಮೂಲೆಯಲ್ಲಿ ಮುದುರಿ ಕೂತ. ಅಲ್ಲಿ ಬೆಂಕಿಯಿಲ್ಲ, ಹೊಗೆ ಮಾತ್ರ. ಪಿಶಾಚಿಗಳನ್ನು ಗುರುತಿಸುವ ಅವನ ಪ್ರಖ್ಯಾತ ಬೆಂಕಿಗಣ್ಣು, ಚಿನ್ನದ ಪಾಪೆ ಹುಟ್ಟಿದ್ದು ಹೀಗೆ. ಕಥೆ ಇದನ್ನು ವರವೆಂದು ಕರೆಯದೆ, ಹೊಗೆ ತಾಗಿ ಕೆಂಪಾದ ವಾಸಿಯಾಗದ ಕಣ್ಣುಬೇನೆ ಎಂದೇ ಹೇಳುತ್ತದೆ. ಹಾಗಾಗಿ ಅವನಿಗೆ ಬೆಂಕಿಯ ಭಯವಿಲ್ಲ, ಹೊಗೆಯ ಭಯ ಉಂಟು. ರಾಕ್ಷಸ ಬಾಲಕನೊಬ್ಬ ಮುಖಕ್ಕೆ ಹೊಗೆ ಉಗುಳಿದಾಗ ಲಕ್ಷ ಸೈನಿಕರನ್ನು ಓಡಿಸಿದವನು ಕಣ್ಣು ಕಾಣದೆ ಓಡಿ, ಮೈ ತಣಿಸಲು ತೊರೆಗೆ ಹಾರಿ, ಚಳಿ ಹೊಡೆದು ಹೆಣದಂತೆ ತೇಲಿದ.

ಕುಲುಮೆಯಿಂದ ಹೊರಬರುವಾಗ ಅದನ್ನು ಒದ್ದು ಉರುಳಿಸಿದ್ದ. ಕೆಂಡದಂತಿದ್ದ ಕೆಲವು ಇಟ್ಟಿಗೆಗಳು ಭೂಮಿಗೆ ಬಿದ್ದವು. ಬಿದ್ದ ಜಾಗ ಎಂಟುನೂರು ಲೀ (ಲೀ ಎಂದರೆ ಸುಮಾರು ಅರ್ಧ ಕಿಲೋಮೀಟರು) ಹರಡಿದ ಜ್ವಾಲೆಯ ಬೆಟ್ಟವಾಯಿತು. ಷಿನ್‌ಜಿಯಾಂಗ್‌ನ ತುರ್ಪಾನ್ ಬಳಿ ಆ ಹೆಸರಿನ ಕೆಂಪು ಬೆಟ್ಟಸಾಲು ಇವತ್ತಿಗೂ ಇದೆ. ಐನೂರು ವರ್ಷದ ಮೇಲೆ, ಕೋತಿ ಭಿಕ್ಷುವಿನ ಶಿಷ್ಯನಾಗಿ ಜೊತೆಗೆ ಹೊರಟಾಗ, ದಾರಿಗೆ ಅಡ್ಡ ನಿಂತದ್ದು ಅದೇ. ಮೊದಲಿಗೆ ಹೇಳಿದ ಬೀಸಣಿಗೆ ಬೇಕಾಗಿದ್ದು ಅದನ್ನು ಆರಿಸಲಿಕ್ಕೆ. ಅದರ ಒಡತಿಯನ್ನು ಚೀನೀ ಪಠ್ಯ ಕರೆಯುವುದು ‘ಲುವೊಷಾ’ ಎಂದು. ನಮ್ಮ ರಾಕ್ಷಸಿಯೇ ಬೌದ್ಧ ಗ್ರಂಥಗಳ ಬೆನ್ನೇರಿ ಅಲ್ಲಿಗೆ ಹೋಗಿ ಉಚ್ಚಾರಣೆ ಬದಲಿಸಿಕೊಂಡಿದ್ದಾಳೆ. ತನ್ನ ಪರಾಕ್ರಮದ ಕಿಡಿಯನ್ನು ತಾನೇ ಆರಿಸಲು ಕೋತಿ ಮೂರು ಸಲ ಬೀಸಣಿಗೆಗಾಗಿ ಅಲೆಯುತ್ತಾನೆ, ಮೊದಲ ಸಲ ಸಿಕ್ಕಿದ್ದು ನಕಲಿ, ಬೀಸಿದಷ್ಟೂ ಬೆಂಕಿ ಹೆಚ್ಚುತ್ತದೆ. ಇಂಥ ಹೆಣಿಗೆ ಕಂಡಾಗ, ಇದು ಜನಪದ ಕಥೆಗಳ ಸಡಿಲ ಸರಮಾಲೆ ಎಂದವರ ಮಾತು ನನಗೆ ರುಚಿಸುವುದಿಲ್ಲ.

ಓದುಗರು ನಾನೂರು ವರ್ಷದಿಂದ ಕೇಳುತ್ತಿರುವ ಪ್ರಶ್ನೆ ಇದು: ಸ್ವರ್ಗವನ್ನೇ ಅಲ್ಲಾಡಿಸಿದವನು ದಾರಿಯ ಪುಡಿ ರಾಕ್ಷಸರ ಕೈಲಿ ಯಾಕೆ ಸೋಲುತ್ತಾನೆ? ಒಂದು ಉತ್ತರ ಸಾಹಿತ್ಯ ಚರಿತ್ರೆಯದು. ಮೊದಲ ಏಳು ಅಧ್ಯಾಯಗಳ ಸ್ವರ್ಗದ ದಾಂಧಲೆಯೂ ನಂತರದ ಯಾತ್ರೆಯೂ ಬೇರೆ ಬೇರೆ ಮೂಲದವು, ಹೊಲಿಗೆ ಕಾಣುತ್ತಿದೆ ಎನ್ನುತ್ತದೆ ಅದು. ಎರಡನೆಯದು ರಾಜಕೀಯದ್ದು. ಲಕ್ಷ ಸೈನಿಕರು ಸಂಬಳಕ್ಕೆ ಕಾದಾಡಿದರು, ರಾಕ್ಷಸರು ಪ್ರಾಣಕ್ಕಾಗಿ ಕಾದಾಡುತ್ತಾರೆ. ಮೇಲಾಗಿ ಆ ರಾಕ್ಷಸರಲ್ಲಿ ಅನೇಕರು ದೇವತೆಗಳ ಕೊಟ್ಟಿಗೆಯಿಂದ ತಪ್ಪಿಸಿಕೊಂಡವರು. ಲಾವೋತ್ಸೆಯ ಎಮ್ಮೆ, ಕರುಣೆಯ ಬೋಧಿಸತ್ತ್ವ ಗುವಾನ್‌ಯಿನ್‌ಳ ಕೊಳದ ಚಿನ್ನದ ಮೀನು, ಮಂಜುಶ್ರೀಯ ಸಿಂಹ. ಕೋತಿ ಕೊಲ್ಲಲು ಕೋಲೆತ್ತಿದ ಕ್ಷಣಕ್ಕೆ ಸರಿಯಾಗಿ ಒಡೆಯರು ಬಂದು ಹಗ್ಗ ಹಾಕಿ ಕರೆದೊಯ್ಯುತ್ತಾರೆ. ಸರ್ಕಾರಿ ಕಚೇರಿಯ ಒಳಹೊರಗು ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ. ಈ ಓದು ನನಗೆ ಇಷ್ಟವಾದರೂ ಅದರಲ್ಲೇ ಎಲ್ಲ ಮುಗಿಯುವುದಿಲ್ಲ. ಯಾಕೆಂದರೆ ಶಕ್ತಿಗಳ ಕೊರತೆಯನ್ನು ಪುಸ್ತಕ ಲೆಕ್ಕವಿಟ್ಟು ಹೇಳುತ್ತದೆ. ನೀರಿನೊಳಗೆ ಅವನಿಗೆ ಮುದ್ರೆ ಹಿಡಿದೇ ಇರಬೇಕು, ಕೋಲು ಆಡಿಸಲಾಗದು, ಅಲ್ಲಿ ಬಾಜಿಯೆಯನ್ನೇ ಇಳಿಸಬೇಕು. ಮುರಿದ ದಿವ್ಯವೃಕ್ಷವೊಂದನ್ನು ಚಿಗುರಿಸಲು ಮೂರು ದ್ವೀಪ ಅಲೆದು ಕಡೆಗೆ ಗುವಾನ್‌ಯಿನ್‌ಳ ಹೂಜಿಯ ನೀರೇ ಬೇಕಾಯಿತು; ಕೆಡವುವುದು ಅವನಿಗೆ ಗೊತ್ತು, ನೆಡುವುದು ಗೊತ್ತಿಲ್ಲ. ಮೈಮೇಲಿನ 84,000 ರೋಮಗಳಲ್ಲಿ ಒಂದು ಹಿಡಿ ಕಿತ್ತು ಅಗಿದು ಉಗುಳಿದರೆ ನೂರಾರು ಪುಟ್ಟ ಕೋತಿಗಳಾಗುತ್ತವೆ ನಿಜ, ಆದರೆ ರಾಕ್ಷಸನೊಬ್ಬ ಬಳೆಯೊಂದನ್ನು ಎಸೆದಾಗ ಕೋಲಿನಂತೆಯೇ ಅವೂ ಮಾಯವಾದವು.

ಆರು ಕಿವಿಯ ಕೋತಿಯ ಪ್ರಸಂಗದಲ್ಲಂತೂ ಇಡೀ ಪಟ್ಟಿಯೇ ನಿಷ್ಪ್ರಯೋಜಕ. ರೂಪ, ಮಾತು, ಕೋಲು, ಲಾಗ ಎಲ್ಲದರಲ್ಲೂ ಅವನಂತೆಯೇ ಇರುವ ಇನ್ನೊಬ್ಬ ಬಂದು ನಿಲ್ಲುತ್ತಾನೆ. ಇಬ್ಬರೂ ಜಗಳವಾಡುತ್ತ ಗುವಾನ್‌ಯಿನ್ ಬಳಿಗೆ, ಸ್ವರ್ಗಕ್ಕೆ, ಭಿಕ್ಷುವಿನ ಬಳಿಗೆ, ಯಮಲೋಕಕ್ಕೆ ಹೋಗುತ್ತಾರೆ. ಎಲ್ಲಿಯೂ ತೀರ್ಪಿಲ್ಲ. ಪಾತಾಳದಲ್ಲಿ ನೆಲಕ್ಕೆ ಕಿವಿಯಿಟ್ಟು ಜಗತ್ತನ್ನೆಲ್ಲ ಕೇಳಿಸಿಕೊಳ್ಳುವ ಪ್ರಾಣಿಯೊಂದಕ್ಕೆ ಸತ್ಯ ಗೊತ್ತಾದರೂ ಹೇಳಲು ಹೆದರುತ್ತದೆ. ಬುದ್ಧನೇ ಬಿಡಿಸಬೇಕಾಯಿತು.

ಇನ್ನು ಈ ಕೋತಿ ಎಲ್ಲಿಂದ ಬಂದ? ನಮಗೆ ತಕ್ಷಣ ತೋಚುವುದು ಹನುಮಂತ. ಹು ಷಿ 1923ರಲ್ಲಿ ಇದನ್ನೇ ಹೇಳಿದ. ಲು ಷುನ್ ಒಪ್ಪಲಿಲ್ಲ. ಹ್ವಾಯ್ ನದಿಯಲ್ಲಿ ಯೂ ಮಹಾರಾಜ ಸರಪಳಿ ಬಿಗಿದ ವುಝೀಚಿ ಎಂಬ ಕಪಿರೂಪದ ನೀರುಭೂತವೇ ಮೂಲವೆಂದ. ಇತಿಹಾಸಕಾರ ಚೆನ್ ಯಿನ್‌ಕ 1930ರಲ್ಲಿ ಇನ್ನೊಂದು ದಾರಿ ಹಿಡಿದು, ಇಂದ್ರನ ಪೀಠಕ್ಕೆ ಆಸೆಪಟ್ಟ ಮಾಂಧಾತನ ಕಥೆಯೂ ಸೇತುವೆ ಕಟ್ಟಿದ ನಳನೆಂಬ ವಾನರನ ಕಥೆಯೂ ಬೆರೆತು ಸ್ವರ್ಗದ ದಾಂಧಲೆ ಹುಟ್ಟಿತೆಂದು ತೋರಿಸಿದ. ವಾಲ್ಮೀಕಿ ರಾಮಾಯಣವನ್ನು ಸಂಸ್ಕೃತದಿಂದ ಪೂರ್ತಿ ಚೀನೀ ಭಾಷೆಗೆ ತಂದ ಜಿ ಷಿಯಾನ್‌ಲಿನ್ ಕೂಡ ಭಾರತದ ನಂಟಿನ ಪರ. ಸಾಂಸ್ಕೃತಿಕ ಕ್ರಾಂತಿಯ ದಿನಗಳಲ್ಲಿ ಈ ವಿದ್ವಾಂಸನನ್ನು ಬೀಜಿಂಗ್ ವಿಶ್ವವಿದ್ಯಾಲಯದಲ್ಲಿ ಬಾಗಿಲು ಕಾಯಲು ಕೂರಿಸಿದ್ದರು. ಅಲ್ಲಿಯೇ ಗುಟ್ಟಾಗಿ ಅನುವಾದ ನಡೆಯಿತು, 1980ರಿಂದ ಅಚ್ಚಾಯಿತು. ಅತ್ತ, 1237ರಲ್ಲಿ ಮುಗಿದ ಚ್ವಾನ್‌ಝೋನ ಕಾಯ್‌ಯುವಾನ್ ದೇವಾಲಯದ ಪಗೋಡದಲ್ಲಿ ಕತ್ತಿ ಹಿಡಿದ ಕೋತಿಮುಖದ ಶಿಲ್ಪವಿದೆ. ದಕ್ಷಿಣ ಭಾರತದ ವರ್ತಕರು ಬೀಡುಬಿಟ್ಟಿದ್ದ ಬಂದರು ಅದು.

ಸಾಕ್ಷ್ಯಗಳು ಸುಳಿವುಗಳಾಗಿಯೇ ಉಳಿದಿವೆ. ಕಾದಂಬರಿಗಿಂತ ಹಳೆಯ, ಜಪಾನಿನ ಮಠವೊಂದರಲ್ಲಿ ಉಳಿದುಬಂದ ಕಥಾಪುಸ್ತಕದಲ್ಲಿ ಕೋತಿ ಬಿಳಿಬಟ್ಟೆಯ ವಿದ್ವಾಂಸ. ಅಲ್ಲಿ ಅವನ ಶಕ್ತಿಗಳೆಲ್ಲ ಎರವಲು: ದೇವತೆಯೊಬ್ಬ ಕೊಟ್ಟ ಅದೃಶ್ಯ ಟೋಪಿ, ಉಂಗುರದ ದಂಡ, ಭಿಕ್ಷಾಪಾತ್ರೆ. ಪೀಚ್ ಕದ್ದದ್ದಕ್ಕೆ ತಿಂದ ಏಟು ಇನ್ನೂ ನೋಯುತ್ತದೆಂದು ಮತ್ತೆ ಕದಿಯಲು ಹೆದರುತ್ತಾನೆ. ಇವನಿಂದ ಸ್ವರ್ಗಕ್ಕೆ ಸಮಾನ ಮಹರ್ಷಿ ಎಂದು ಬಿರುದು ಹಾಕಿಕೊಳ್ಳುವವನವರೆಗೆ ಮುಟ್ಟಲು ಚೀನೀ ಕಥೆಗಾರರು ಮುನ್ನೂರು ವರ್ಷ ದುಡಿದಿದ್ದಾರೆ. ಆ ದುಡಿಮೆಯನ್ನು ಹನುಮಂತನ ಖಾತೆಗೆ ಜಮಾ ಮಾಡುವುದು ನ್ಯಾಯವಲ್ಲ. ಹೋಲಿಕೆಗಿಂತ ವ್ಯತ್ಯಾಸ ನನಗೆ ದೊಡ್ಡದಾಗಿ ಕಾಣುತ್ತದೆ. ಹನುಮಂತನಿಗೆ ತನ್ನ ಬಲ ಮರೆತುಹೋಗಿರುತ್ತದೆ, ಜಾಂಬವಂತ ನೆನಪಿಸಬೇಕು. ಈ ಕೋತಿಗೆ ತನ್ನ ಬಲ ಒಂದು ಗಳಿಗೆಯೂ ಮರೆಯುವುದಿಲ್ಲ. ಅದಕ್ಕಾಗಿಯೇ ಅವನ ತಲೆಗೆ ಚಿನ್ನದ ಪಟ್ಟಿ ಬಿಗಿದರು. ಭಿಕ್ಷು ಮಂತ್ರ ಹೇಳಿದರೆ ಅದು ತಲೆಬುರುಡೆಗೆ ಇಳಿಯುತ್ತದೆ.

ಅವನ ಶಕ್ತಿಗಳನ್ನು ಅಕ್ಷರಶಃ ನಂಬಿದವರೂ ಇದ್ದರು. 1900ರ ಬಾಕ್ಸರ್ ದಂಗೆಯಲ್ಲಿ ಹಳ್ಳಿಯ ಹುಡುಗರು ಸುನ್ ವುಕೋಂಗ್ ಮೈದುಂಬಿದ್ದಾನೆ, ಗುಂಡು ತಾಗದು ಎಂದುಕೊಂಡು ಬಂದೂಕುಗಳೆದುರು ನಡೆದರು. ಫ್ಯೂಜಿಯನ್‌ನಿಂದ ಸಿಂಗಪುರದವರೆಗೆ ಅವನಿಗೆ ಗುಡಿಗಳಿವೆ. ಉಳಿದದ್ದು ಎಲ್ಲರೂ ಬಲ್ಲ ಸಂಗತಿ: ಒಪೆರಾದ ಕೆಂಪು ಮುಖ, ವಾನ್ ಲಾಯ್‌ಮಿಂಗ್‌ನ 1960ರ ದಶಕದ ಅನಿಮೇಷನ್, 1986ರ ಟೀವಿ ಸರಣಿ, ಮೋಡವೇರುವ ಜಪಾನಿನ ಗೋಕು, 2024ರ ಆಗಸ್ಟ್‌ನಲ್ಲಿ ಬಂದ ‘ಬ್ಲ್ಯಾಕ್ ಮಿತ್: ವುಕೋಂಗ್’ ಗೇಮ್. ಗೇಮಿನಲ್ಲಿ ಎದುರಾಳಿಯನ್ನು ನಿಂತಲ್ಲೇ ಸ್ತಂಭಿಸುವ ಮಂತ್ರ ನಿಮಿಷಕ್ಕೊಮ್ಮೆ ಸಿಗುತ್ತದೆ. ಕಾದಂಬರಿಯಲ್ಲಿ ಅವನು ಅದನ್ನು ಬಳಸುವುದೇ ಅಪರೂಪ, ಅದೂ ಪ್ರಸಿದ್ಧವಾದದ್ದು ಪೀಚ್ ಕೀಳಲು ಬಂದ ಏಳು ಹೆಣ್ಣುಮಕ್ಕಳ ಮೇಲೆ.

ಕಡೆಗೆ ಮೋಡದ ಲಾಗ. ಉಳಿದ ಸಿದ್ಧರು ಕಾಲೂರಿ ಮೋಡ ಹತ್ತುತ್ತಾರೆ. ಕೋತಿ ಹತ್ತುವ ಮುಂಚೆ ಲಾಗ ಹಾಕುವುದನ್ನು ಕಂಡ ಗುರು ಆ ಕಪಿಚೇಷ್ಟೆಯನ್ನೇ ವಿದ್ಯೆಯಾಗಿಸಿ ಕಲಿಸಿದ. ಒಂದು ಲಾಗಕ್ಕೆ 1,08,000 ಲೀ. ಅವನನ್ನು ಮೀರಿಸಿದ ಹಕ್ಕಿಯೊಂದಿದೆ, ರೆಕ್ಕೆ ಒಮ್ಮೆ ಬಡಿದರೆ 90,000 ಲೀ, ಎರಡು ಬಡಿತಕ್ಕೆ ಅವನನ್ನು ಹಿಡಿದುಬಿಡುತ್ತದೆ. ಬುದ್ಧನ ಅಂಗೈಯಲ್ಲಂತೂ ಲಾಗದ ಮೇಲೆ ಲಾಗ ಹಾಕಿ, ಜಗತ್ತಿನ ಅಂಚಿನ ಕಂಬಗಳೆಂದು ತಿಳಿದು ಹೆಸರು ಬರೆದು ಉಚ್ಚೆ ಹೊಯ್ದು ಬಂದದ್ದು ಬುದ್ಧನ ಬೆರಳಿಗೇ. ಇದೆಲ್ಲ ಎಲ್ಲರಿಗೂ ಗೊತ್ತು. ಗಮನಕ್ಕೆ ಬಾರದೆ ಹೋಗುವುದು ಇನ್ನೊಂದು ಅಂಕಿ. ಯಾತ್ರೆ ಹೊರಟ ರಾಜಧಾನಿ ಚಾಂಗ್‌ಆನ್‌ನಿಂದ ಬುದ್ಧನ ಬೆಟ್ಟಕ್ಕೆ ದೂರ ಎಷ್ಟು? 1,08,000 ಲೀ. ಸರಿಯಾಗಿ ಒಂದು ಲಾಗ.

ನದಿಯೊಂದರ ದಡದಲ್ಲಿ ಬಾಜಿಯೆ ಇದನ್ನು ಕೇಳಿಯೂ ಕೇಳುತ್ತಾನೆ: ಗುರುವನ್ನು ಬೆನ್ನಿಗೆ ಹಾಕಿಕೊಂಡು ಒಂದು ಲಾಗ ಹಾಕಬಾರದೇಕೆ? ಮನುಷ್ಯದೇಹ ಬೆಟ್ಟಕ್ಕಿಂತ ಭಾರ, ಮೋಡ ಹೊರುವುದಿಲ್ಲ, ಅಲ್ಲದೆ ಅವನ ಪಾಡನ್ನು ಅವನೇ ಪಡಬೇಕು, ನಾವೇ ಹೋಗಿ ಬೇಡಿದರೆ ಗ್ರಂಥ ಕೊಡುವುದಿಲ್ಲ ಎನ್ನುತ್ತಾನೆ ಕೋತಿ. ಹಾಗಾಗಿ ಒಂದು ಲಾಗದ ದೂರವನ್ನು ಹದಿನಾಲ್ಕು ವರ್ಷ, 5,040 ದಿನ, ಕುದುರೆಯ ಹಗ್ಗ ಹಿಡಿದು ನಡೆಯುತ್ತಾನೆ. ತಲುಪಿದ ಮೇಲೆ ಲೆಕ್ಕ ಹಾಕಿದರೆ 81 ಕಷ್ಟಗಳಿಗೆ ಒಂದು ಕಡಿಮೆ ಬಿದ್ದಿತ್ತೆಂದು ವಾಪಸು ಬರುವಾಗ ಎಲ್ಲರನ್ನೂ ಗ್ರಂಥಗಳ ಸಮೇತ ನೀರಿಗೆ ಕೆಡವಲಾಯಿತು.

ಕೊನೆಯ ಅಧ್ಯಾಯದಲ್ಲಿ ಕೋತಿಗೂ ಬುದ್ಧಪದವಿ ಸಿಗುತ್ತದೆ. ಅವನ ಚಿಂತೆ ಅದಲ್ಲ. ಈಗಲಾದರೂ ಈ ಪಟ್ಟಿ ಸಡಿಲಿಸುವ ಮಂತ್ರ ಹೇಳಿ, ಕಳಚಿ ಪುಡಿಪುಡಿ ಮಾಡುತ್ತೇನೆ, ಇನ್ನೊಬ್ಬರ ತಲೆಗೆ ಇದು ಬೀಳಬಾರದು ಎಂದು ಭಿಕ್ಷುವನ್ನು ಕೇಳುತ್ತಾನೆ. ಮುಟ್ಟಿ ನೋಡಿಕೋ ಎನ್ನುತ್ತಾನೆ ಭಿಕ್ಷು. ಕೋತಿ ಕೈಯೆತ್ತಿ ತಲೆ ತಡವುತ್ತಾನೆ. ಅಲ್ಲಿ ಏನೂ ಇಲ್ಲ.